ಬಲೆಯ ಕಣ್ಣು, ಹೊಳೆಯ ಕಾಲ

ಮುಂಗಾರಿನ ಮೊದಲ ಮಳೆಗಳು ಬಿದ್ದು, ಸಹ್ಯಾದ್ರಿಯ ಕಡೆಯ ಹೊಸ ನೀರು ಕೃಷ್ಣೆಯಲ್ಲಿಯೂ ಭೀಮೆಯಲ್ಲಿಯೂ ಕೆಂಪಗೆ ಇಳಿದು ಬರುವ ಹೊತ್ತಿಗೆ, ಸರಕಾರದ ಪ್ರಕಟಣೆಯೊಂದು ವರ್ಷವರ್ಷವೂ ಹೊರಡುತ್ತದೆ. ಮೀನುಗಳು ಮರಿಮಾಡುವ ಕಾಲವಾದುದರಿಂದ ಹೊಳೆಗಳಲ್ಲಿಯೂ ಜಲಾಶಯಗಳಲ್ಲಿಯೂ ಮೀನು ಹಿಡಿಯಕೂಡದೆಂಬುದು ಅದರ ತಾತ್ಪರ್ಯ. ಆಲಮಟ್ಟಿಯ ಹಿನ್ನೀರಿನ ದಂಡೆಯಲ್ಲಿ ಹರಿಗೋಲುಗಳು ಬೋರಲು ಬೀಳುತ್ತವೆ. ಬಲೆಗಳು ಮನೆಯ ಜಂತಿಗೆ ಏರುತ್ತವೆ. ಇಂಡಿ, ಸಿಂದಗಿಗಳ ಭೀಮಾತೀರದಲ್ಲಾಗಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕೃಷ್ಣಾತೀರದಲ್ಲಾಗಲಿ ಆ ದಿನಗಳಲ್ಲಿ ಅಂಬಿಗರೊಡನೆ ಮಾತಿಗೆ ಕುಳಿತರೆ ಕೇಳಿಬರುವ ಪ್ರಶ್ನೆ ಒಂದೇ: "ಹೊಳಿ ತುಂಬ ಮೀನ ಇದ್ದಾಗ ಹಿಡೀಬ್ಯಾಡ ಅಂತಾರ್ರೀ, ಬ್ಯಾಸಗ್ಯಾಗ ಮೀನ ಇಲ್ಲದಾಗ ಹಿಡೀರಿ ಅಂತಾರ. ಇದ್ಯಾವ ನ್ಯಾಯಾರೀ?"

ಪ್ರಶ್ನೆ ಸಹಜವಾದುದು, ಕಾಯಿದೆಯ ಹೆಸರು ಹೇಳಿ ಬಾಯಿ ಮುಚ್ಚಿಸತಕ್ಕದ್ದಲ್ಲ. ನಿಷೇಧವೆಂದು ನಾವು ಒಂದೇ ಹೆಸರಿನಿಂದ ಕರೆಯುವ ಈ ಏರ್ಪಾಟಿನಲ್ಲಿ ವಾಸ್ತವವಾಗಿ ಎರಡು ಬೇರೆಬೇರೆ ಕಟ್ಟಳೆಗಳಿವೆ. ಒಂದು ಕಾಲದ ಕಟ್ಟಳೆ: ಇಂಥ ತಿಂಗಳಿನಲ್ಲಿ ಹಿಡಿಯಬಾರದು. ಇನ್ನೊಂದು ಬಲೆಯ ಕಣ್ಣಿನ ಕಟ್ಟಳೆ: ಇಷ್ಟಕ್ಕಿಂತ ಸಣ್ಣ ಕಣ್ಣಿನ ಬಲೆಯನ್ನು ಬೀಸಬಾರದು. ಇವೆರಡೂ ಒಂದೇ ಮೀನನ್ನು ಕಾಯುವುದಿಲ್ಲ. ಒಂದೇ ನೀರಿನಲ್ಲಿ ಸಮನಾಗಿ ಫಲ ಕೊಡುವುದೂ ಇಲ್ಲ. ವಿಜಯಪುರ ಜಿಲ್ಲೆಯ ಎರಡು ಹೊಳೆಗಳು ಈ ಭೇದವನ್ನು ತಿಳಿಯಲು ಒಳ್ಳೆಯ ಪಾಠಶಾಲೆಗಳಾಗಿವೆ.

ಮೊದಲು ಕಾಲದ ವಿಷಯವನ್ನು ನೋಡೋಣ. ನಮ್ಮ ಹೊಳೆಗಳ ಗೆಂಡೆಜಾತಿಯ ಮೀನುಗಳಲ್ಲಿ ಬಹುಪಾಲು ಬೇಸಗೆಯನ್ನು ಆಳವಾದ ಮಡುಗಳಲ್ಲಿ ಕಳೆಯುತ್ತವೆ. ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆಗಳು ಮೇ ತಿಂಗಳ ಹೊತ್ತಿಗೆ ಬಲಿತಿದ್ದರೂ ಅವು ಹೊರಬೀಳಲು ಒಂದು ಸಂಕೇತ ಬೇಕು. ನೀರು ತಣಿಯಬೇಕು, ಕದಡಬೇಕು, ಹರಿಯಬೇಕು. ಪ್ರವಾಹದ ಈ ಲಕ್ಷಣಗಳು ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತವೆ. ಅದು ಸ್ರವಿಸುವ ಹಾರ್ಮೋನು ರಕ್ತದಲ್ಲಿ ಸೇರಿದ ಮೇಲೆಯೇ ಮೊಟ್ಟೆಯಿಡುವ ಕ್ರಿಯೆ ಮೊದಲಾಗುತ್ತದೆ. ಆಗ ಮೀನುಗಳು ಗುಂಪುಕಟ್ಟಿ ಹೊಳೆಯ ಮೇಲ್ಮುಖವಾಗಿ, ಹಳ್ಳಗಳ ಬಾಯಿಗೆ, ನೀರು ಹೊಸದಾಗಿ ಏರಿದ ತೆಳು ಜಾಗಗಳಿಗೆ ಹೋಗುತ್ತವೆ. ಅಂಬಿಗರಿಗೆ ಹೊಳೆ ತುಂಬ ಮೀನು ಕಾಣುವುದು ಇದೇ ಕಾರಣದಿಂದ. ಮೀನು ಹೆಚ್ಚಿಲ್ಲ, ಒಂದೆಡೆ ಕೂಡಿದೆ, ಅಷ್ಟೆ. ಸಂತೆಯ ದಿನ ಊರಿಗೆ ಬಂದು ಅಲ್ಲಿಯ ಜನಸಂಖ್ಯೆಯನ್ನು ಎಣಿಸಿದವನು ಎಂಥ ತಪ್ಪು ಮಾಡುತ್ತಾನೋ, ಮೊದಲ ಪ್ರವಾಹದಲ್ಲಿ ಬಲೆಯ ಭಾರದಿಂದ ಹೊಳೆಯ ಸಂಪತ್ತನ್ನು ಅಳೆಯುವವನದೂ ಅಂಥದೇ ತಪ್ಪು.

ಇದಕ್ಕೆ ಒಂದು ಆಕ್ಷೇಪವುಂಟು. ಒಂದು ಕಿಲೋ ತೂಕದ ರೋಹು ಮೀನಿನ ಹೊಟ್ಟೆಯಲ್ಲಿ ಸುಮಾರು 2 ಲಕ್ಷ ಮೊಟ್ಟೆಗಳಿರುತ್ತವೆ. ಹೀಗಿರುವಲ್ಲಿ ನಾಲ್ಕು ತಾಯಿಮೀನುಗಳು ಬಲೆಗೆ ಬಿದ್ದರೆ ಹೊಳೆಗೇನು ನಷ್ಟ? ಲೆಕ್ಕವನ್ನು ತಿರುಗಿಸಿ ನೋಡಬೇಕು. ಹೊಳೆಯ ಮೀನುಗಳ ಸಂಖ್ಯೆ ಹೆಚ್ಚದೆ ಕುಗ್ಗದೆ ಇದ್ದ ಪಕ್ಷದಲ್ಲಿ, ಒಂದು ಜೋಡಿ ಮೀನು ತನ್ನ ಜೀವಮಾನದಲ್ಲೆಲ್ಲ ಇಟ್ಟ ಮೊಟ್ಟೆಗಳಿಂದ ಸರಾಸರಿ ಎರಡು ಮಾತ್ರ ದೊಡ್ಡವಾಗಿ ಮರಿಮಾಡುವ ತನಕ ಬದುಕಿವೆ ಎಂದಾಯಿತು. ಉಳಿದ ಲಕ್ಷಗಟ್ಟಲೆ ಎಲ್ಲವೂ ಕೆಸರಿಗೆ, ಬಿಸಿಲಿಗೆ, ಇತರ ಮೀನುಗಳ ಬಾಯಿಗೆ ಹೋಗಿವೆ. ಮೊಟ್ಟೆಗಳ ಸಂಖ್ಯೆ ದೊಡ್ಡದಾಗಿರುವುದು ಗಂಡಾಂತರವು ದೊಡ್ಡದಾಗಿರುವುದಕ್ಕೆ ಸಾಕ್ಷಿ. ಸಂಪತ್ತು ಮಿಗುತ್ತದೆ ಎಂಬುದಕ್ಕಲ್ಲ. ಲಕ್ಷಾಂತರ ಗಂಡಾಂತರಗಳನ್ನು ದಾಟಿ ಮೊಟ್ಟೆಯಿಡುವ ವಯಸ್ಸಿಗೆ ಬಂದ ಮೀನನ್ನು ಮೊಟ್ಟೆಯಿಡುವ ಹಿಂದಿನ ದಿನ ಹಿಡಿಯುವುದಕ್ಕೂ, ಇಟ್ಟ ಮಾರನೆಯ ವಾರ ಹಿಡಿಯುವುದಕ್ಕೂ ತಕ್ಕಡಿಯಲ್ಲಿ ವ್ಯತ್ಯಾಸ ಅಲ್ಪ. ಹೊಳೆಗಾದರೋ ಅದು ಇಡೀ ಒಂದು ವರ್ಷದ ವ್ಯತ್ಯಾಸ.

ಹೀಗೆ ದಿನ ನೋಡಿ ಮೀನಿಗೆ ಬಿಡುವು ಕೊಡುವ ಯೋಚನೆ ನಮ್ಮ ನಾಡಿಗೆ ಹೊಸದಲ್ಲ. ಅಶೋಕನು ತನ್ನ ಪಟ್ಟಾಭಿಷೇಕದ 26 ವರ್ಷಗಳ ತರುವಾಯ ಬರೆಯಿಸಿದ ಐದನೆಯ ಸ್ತಂಭಶಾಸನದಲ್ಲಿ, ಮೂರು ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲಿಯೂ ತಿಷ್ಯದ ಹುಣ್ಣಿಮೆಯಲ್ಲಿಯೂ ಅವುಗಳ ಹಿಂದುಮುಂದಿನ ದಿನಗಳಲ್ಲಿಯೂ ಉಪವಾಸದ ದಿನಗಳಲ್ಲಿಯೂ ಮೀನನ್ನು ಕೊಲ್ಲಲೂ ಕೂಡದು, ಮಾರಲೂ ಕೂಡದು ಎಂದು ವಿಧಿಸಿದ್ದಾನೆ. ಆ ಸ್ತಂಭಗಳು ಉತ್ತರದವು; ಆದರೆ ಅದೇ ಅಶೋಕನ ಬೇರೆ ಶಾಸನಗಳು ಸಿಂದಗಿಯಿಂದ ಕೆಳಕ್ಕೆ, ಭೀಮೆಯ ದಂಡೆಯ ಮೇಲಿನ ಸನ್ನತಿಯಲ್ಲಿಯೇ 1989ರಲ್ಲಿ ದೊರೆತವು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಈ ಪ್ರಾಂತವನ್ನು ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವನ್ನೇ ಇರಿಸಿ, ಹುರುಪೆಯುಳ್ಳ ಮೀನು, ಹುರುಪೆಯಿಲ್ಲದ ಮೀನು ಎಂದು ವಿಭಾಗಿಸಿದನು. ಅವನ ಆಸಕ್ತಿ ಗಾಳದ ಕಡೆಗೇ ಹೊರತು ರಕ್ಷಣೆಯ ಕಡೆಗಲ್ಲವೆಂಬುದು ನಿಜ. ಈಗಿನ ಕಾಯಿದೆಗಳ ಮೂಲವಾದರೋ 1897ರ ಭಾರತೀಯ ಮೀನುಗಾರಿಕೆ ಕಾಯಿದೆ. ಸಿಡಿಮದ್ದನ್ನೂ ವಿಷವನ್ನೂ ಹಾಕಿ ಮೀನು ಕೊಲ್ಲುವುದನ್ನು ಅದು ಅಪರಾಧವೆಂದು ಸಾರಿತು. ಬಲೆಯ ಕಣ್ಣನ್ನು ಗೊತ್ತುಮಾಡುವ ಅಧಿಕಾರವನ್ನೂ, ಗೊತ್ತಾದ ನೀರಿನಲ್ಲಿ ಎರಡು ವರ್ಷಗಳಿಗೆ ಮೀರದಂತೆ ಮೀನುಗಾರಿಕೆಯನ್ನೇ ನಿಲ್ಲಿಸುವ ಅಧಿಕಾರವನ್ನೂ ಪ್ರಾಂತ ಸರಕಾರಗಳಿಗೆ ಕೊಟ್ಟಿತು. ಕರ್ನಾಟಕವು ಒಳನಾಡಿನ ಮೀನುಗಾರಿಕೆಗೆಂದೇ 1996ರಲ್ಲಿ ತನ್ನದೊಂದು ಕಾಯಿದೆಯನ್ನು ಮಾಡಿಕೊಂಡಿತು.

ಈಗ ಭೀಮೆಗೆ ಬರೋಣ. ಈ ಹೊಳೆಯ ಮೀನುಗಳಿಗೆ ವಿಜ್ಞಾನದ ಚರಿತ್ರೆಯಲ್ಲಿ ವಿಶೇಷವಾದ ಸ್ಥಾನವುಂಟು. ಮುಂಬಯಿ ಸರಕಾರದ ಅಂಕಿ ಅಂಶಗಳ ಅಧಿಕಾರಿಯಾಗಿದ್ದ ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ ಎಂಬಾತನು ಭೀಮೆಯಲ್ಲಿಯೂ, ಪುಣೆಯ ಬಳಿ ಅದರ ಉಪನದಿಗಳಾದ ಮುಳಾ ಮುಠಾಗಳಲ್ಲಿಯೂ ಸಿಕ್ಕ ಮೀನುಗಳನ್ನು ಪರೀಕ್ಷಿಸಿ, ದಖ್ಖನಿನ 46 ಬಗೆಯ ಮೀನುಗಳನ್ನು ವರ್ಣಿಸಿದನು. ಅವುಗಳಲ್ಲಿ ಬಹುಪಾಲು ಅಂದಿನ ಶಾಸ್ತ್ರಜ್ಞರಿಗೆ ಹೊಸವು. ಆತನು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ಆ ತೀರದ ಬೆಸ್ತರು ಕರೆಯುತ್ತಿದ್ದ ಹೆಸರುಗಳನ್ನೇ ಲ್ಯಾಟಿನಿನ ಜೊತೆಗೆ ಇಟ್ಟದ್ದು. ಖುದ್ರಿ, ಕೋಲಸ್, ನುಕ್ತಾ, ಪೊಟೈಲ್ ಎಂಬ ಆ ಹೆಸರುಗಳು 1839ರಿಂದ ಇಂದಿನವರೆಗೂ ಜಗತ್ತಿನ ಪ್ರಾಣಿಶಾಸ್ತ್ರ ಗ್ರಂಥಗಳಲ್ಲಿ ನಿಂತಿವೆ. ಖುದ್ರಿ ಎಂಬುದು ದಖ್ಖನಿನ ಮಹಶೀರ್. ನುಕ್ತಾ ಎಂಬುದು ಮೂತಿಯ ಮೇಲೆ ಕೊಂಬಿನಂಥ ಗುಬಟುಳ್ಳ ಒಂದು ವಿಚಿತ್ರ ಗೆಂಡೆ. ಗ್ರಂಥದಲ್ಲಿ ನಿಂತ ಹೆಸರು ಹೊಳೆಯಲ್ಲಿಯೂ ನಿಂತಿದೆಯೆ ಎಂದರೆ, ಉತ್ತರ ಸಮಾಧಾನಕರವಲ್ಲ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಘದ ಕೆಂಪು ಪಟ್ಟಿಯಲ್ಲಿ ನುಕ್ತಾ ಅಳಿವಿನ ಅಂಚಿಗೆ ಬಂದ ಮೀನುಗಳ ಸಾಲಿನಲ್ಲಿದೆ. ಸೈಕ್ಸನೇ ವರ್ಣಿಸಿದ ಸಿಲೋನಿಯಾ ಚಿಲ್ಡ್ರೆನಿ ಎಂಬ ದೊಡ್ಡ ಬೆಕ್ಕುಮೀನೂ ಅದೇ ಸಾಲಿನಲ್ಲಿದೆ. ಇವಕ್ಕೆ ಕೃತಕವಾಗಿ ಮರಿಮಾಡಿಸಿ ಹೊಳೆಗೆ ಬಿಡುವ ವಾಡಿಕೆ, ಮಹಶೀರ್ ಒಂದನ್ನು ಬಿಟ್ಟರೆ, ಇಲ್ಲವೆನ್ನಬಹುದು. ತಾಯಿಮೀನು ಹೊಳೆಯಲ್ಲಿ ತಾನೇ ಹೋಗಿ ಮೊಟ್ಟೆಯಿಡಬೇಕು. ಇಡದಿದ್ದರೆ ವಂಶ ಮುಗಿಯಿತು. ಆದುದರಿಂದ ಭೀಮೆಯಲ್ಲಿ ಕಾಲದ ಕಟ್ಟಳೆಯೇ ಪ್ರಧಾನವಾದುದು.

ಇಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯಿದೆ. ಇಂಡಿ, ಸಿಂದಗಿಗಳ ಕಡೆ ಭೀಮೆಗೆ ಅಡ್ಡಲಾಗಿ ಬಾಂದಾರಗಳನ್ನು ಕಟ್ಟಿರುವುದು ಆ ಭಾಗದ ವಾಚಕರಿಗೆ ತಿಳಿದದ್ದೇ. ಮಳೆಗಾಲ ಹಿಂದಾಗುತ್ತಲೇ ಅವುಗಳ ಕಿಂಡಿಗಳಿಗೆ ಹಲಗೆಯನ್ನೋ ಗೇಟನ್ನೋ ಇಳಿಸಿ ಬೇಸಗೆಗೆ ನೀರು ನಿಲ್ಲಿಸುತ್ತಾರೆ. ಮತ್ತೆ ಪ್ರವಾಹ ಬರುವಾಗ ತೆಗೆದುಬಿಡುತ್ತಾರೆ. ಮೀನಿನ ದೃಷ್ಟಿಯಿಂದ ಇದು ಅದೃಷ್ಟದ ಏರ್ಪಾಟು. ಅದು ಮೇಲಕ್ಕೆ ಹೋಗಬೇಕಾದ ದಿನಗಳಲ್ಲಿಯೇ ಬಾಗಿಲು ತೆರೆದಿರುತ್ತದೆ. ಆದರೆ ಅಗಲವಾದ ಹೊಳೆಯಲ್ಲಿ ಹರಡಿಕೊಂಡು ಹೋಗುತ್ತಿದ್ದ ಮೀನು ಈಗ ಕೆಲವೇ ಕಿಂಡಿಗಳಲ್ಲಿ ನುಸುಳಬೇಕು. ಕಿಂಡಿಯ ಬಾಯಿಗೆ ಒಂದು ಬಲೆ ಕಟ್ಟಿದವನು ಹೊಳೆಗೇ ಬಲೆ ಕಟ್ಟಿದಂತಾಯಿತು.

ಈ ಪ್ರಸಂಗದಲ್ಲಿ ಇಂಗ್ಲೆಂಡಿನ ಟಿ. ಎಚ್. ಹಕ್ಸ್ಲಿಯ ಮಾತು ನೆನಪಿಗೆ ಬರುತ್ತದೆ. 1883ರಲ್ಲಿ ಲಂಡನ್ನಿನ ಮೀನುಗಾರಿಕೆಯ ಪ್ರದರ್ಶನದಲ್ಲಿ ಭಾಷಣಮಾಡುತ್ತ ಆತನು, ಕಾಡ್, ಹೆರಿಂಗ್ ಮೊದಲಾದ ಸಮುದ್ರದ ದೊಡ್ಡ ಮೀನುಗಾರಿಕೆಗಳು ಬತ್ತದ ನಿಧಿಗಳೆಂದು ಸಾರಿದನು. ಆ ಭವಿಷ್ಯ ಸುಳ್ಳಾಯಿತು. ಕೆನಡಾ ದೇಶವು ನ್ಯೂಫೌಂಡ್ಲೆಂಡಿನ ಕರಾವಳಿಯಲ್ಲಿ ಕಾಡ್ ಮೀನು ಹಿಡಿಯುವುದನ್ನು 1992ರ ಜುಲೈನಲ್ಲಿ ನಿಲ್ಲಿಸಬೇಕಾಗಿ ಬಂದು, ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು. ಹಕ್ಸ್ಲಿಯ ತಪ್ಪನ್ನು ಎಲ್ಲರೂ ಎತ್ತಿ ಆಡುತ್ತಾರೆ. ಅದೇ ಭಾಷಣದಲ್ಲಿ ಆತನು ಹೇಳಿದ ಇನ್ನೊಂದು ಮಾತನ್ನು ಮರೆಯುತ್ತಾರೆ. ಸಾಲ್ಮನ್ ಮೀನು ಹತ್ತಿಬರುವ ಹೊಳೆಗಳ ವಿಷಯ ಬೇರೆ, ಅಲ್ಲಿ ಮನುಷ್ಯನು ದಾರಿಗೆ ಅಡ್ಡಲಾಗಿ ಬಲೆಯೊಡ್ಡಿ ಸಂತತಿಯನ್ನೇ ಮುಗಿಸಬಲ್ಲನು, ಆದುದರಿಂದ ಅಲ್ಲಿ ಕಟ್ಟಳೆ ಅವಶ್ಯವೆಂದು ಆತನೂ ಒಪ್ಪಿದ್ದನು. ಭೀಮೆಯು ಆ ಬಗೆಯ ಹೊಳೆ.

ಕೃಷ್ಣೆಯ ಕಥೆ ಬೇರೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟ ಆಲಮಟ್ಟಿಯ ಅಣೆಕಟ್ಟು, ಹಿಂದೆ ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದು ಈಗ ನಿಡಗುಂದಿ ತಾಲೂಕಿಗೆ ಸೇರಿದೆ. ಅದರ ಕೆಳಗೆ 1982ರಲ್ಲಿ ಮುಗಿದ ನಾರಾಯಣಪುರದ ಅಣೆಕಟ್ಟು. ಅದರ ಹಿನ್ನೀರು ಮುದ್ದೇಬಿಹಾಳದ ಸೀಮೆಗೆ ತಾಗಿದೆ. ಕೆಳಗಿನಿಂದ ಬಂದ ಮೀನು ಈ ಗೋಡೆಗಳನ್ನು ಏರಬಲ್ಲದೆ? ಭೌತವಿಜ್ಞಾನವನ್ನು ಬೋಧಿಸುವವರಿಗೆ ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡುವ ಚಪಲವಾಗುವುದು ಸಹಜ. ಮೀನು ಒಂದು ಕ್ಷಣದ ಮಟ್ಟಿಗೆ ಸೆಕೆಂಡಿಗೆ ತನ್ನ ಉದ್ದದ ಹತ್ತರಷ್ಟು ದೂರ ಧಾವಿಸಬಲ್ಲದೆಂದು ಇಟ್ಟುಕೊಳ್ಳೋಣ. ಅರ್ಧ ಮೀಟರು ಉದ್ದದ ಮಹಶೀರಿನ ವೇಗ ಸೆಕೆಂಡಿಗೆ 5 ಮೀಟರು. ವೇಗದ ವರ್ಗವನ್ನು ಗುರುತ್ವದ ಎರಡರಷ್ಟರಿಂದ, ಎಂದರೆ 19.6ರಿಂದ, ಭಾಗಿಸಿದರೆ ಅದು ನೆಗೆಯಬಲ್ಲ ಎತ್ತರ ಬರುತ್ತದೆ: ಸುಮಾರು 1.3 ಮೀಟರು. ನಾರಾಯಣಪುರದ ಗೋಡೆಯ ಎತ್ತರವೇ 30 ಮೀಟರಿನ ಹತ್ತಿರ. ಗೇಟು ತೆರೆದಾಗ ನುಗ್ಗಿ ಹೋಗಬಾರದೆ ಎಂದರೆ, 20 ಮೀಟರು ಎತ್ತರದಿಂದ ಇಳಿದ ನೀರಿನ ವೇಗ ಅದೇ ಸೂತ್ರದಂತೆ ಸೆಕೆಂಡಿಗೆ ಸುಮಾರು 20 ಮೀಟರು. ಮೀನಿನ ವೇಗದ ನಾಲ್ಕರಷ್ಟು. ಹಾಗಾಗಿ ಗೋಡೆಯ ಕೆಳಗಿನ ಮೀನು ಕೆಳಗೇ, ಮೇಲಿನದು ಮೇಲೇ.

ಜಲಾಶಯದಲ್ಲಿ ಈಗ ಅಂಬಿಗರ ಬುಟ್ಟಿ ತುಂಬುವ ಮೀನು ಬಹುಮಟ್ಟಿಗೆ ಕಾಟ್ಲಾ, ರೋಹು, ಮೃಗಾಲ್ ಮೊದಲಾದ, ತಂದು ಬಿಟ್ಟ ಗೆಂಡೆಗಳು. ಇವೂ ಪ್ರವಾಹದಲ್ಲಿಯೇ ಮೊಟ್ಟೆಯಿಡುವ ಜಾತಿಯವು. ಅವುಗಳ ಮೊಟ್ಟೆ ನೀರನ್ನು ಹೀರಿ ಉಬ್ಬಿ, ನೀರಿಗಿಂತ ಅತ್ಯಲ್ಪವಾಗಿ ಮಾತ್ರ ಭಾರವಾಗಿರುತ್ತದೆ. ಹರಿಯುವ ನೀರಿನ ಸುಳಿಗಳು ಅದನ್ನು ಎತ್ತಿ ಹಿಡಿದು ಒಯ್ಯುತ್ತವೆ. ಒಂದು ದಿನ ತುಂಬುವ ಮೊದಲೇ ಮರಿ ಒಡೆಯುತ್ತದೆ. ನಿಂತ ನೀರಿನಲ್ಲಾದರೆ ಮೊಟ್ಟೆ ತಳಕ್ಕಿಳಿದು ಕೆಸರಿನಲ್ಲಿ ಉಸಿರುಕಟ್ಟಿ ಸಾಯುತ್ತದೆ. ಹಿನ್ನೀರಿನ ಮೇಲ್ತುದಿಯಲ್ಲಿ, ಹೊಳೆ ಇನ್ನೂ ಹೊಳೆಯಾಗಿರುವಲ್ಲಿ ಒಮ್ಮೊಮ್ಮೆ ಮರಿಮಾಡಿದರೂ ಮಾಡಬಹುದು. ಇಡೀ ಜಲಾಶಯಕ್ಕೆ ಅದು ಸಾಲದು. ಆದುದರಿಂದ ಪ್ರತಿವರ್ಷವೂ ಮರಿಗಳನ್ನು ಬಿತ್ತಬೇಕು. ಬಿತ್ತನೆಯ ಮರಿ ಬೇಕಾದಷ್ಟು ದೊರೆಯುವಂತಾದುದು ಹೀರಾಲಾಲ್ ಚೌಧುರಿಯವರ ಪ್ರಯೋಗದಿಂದ. ಒಡಿಶಾದ ಅಂಗುಲಿನಲ್ಲಿ 1957ರ ಜುಲೈ 10ರಂದು ಅವರು ಕೆ. ಎಚ್. ಆಲಿಕುಂಞಿಯವರೊಡಗೂಡಿ, ಒಂದು ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಇನ್ನೊಂದು ಮೀನಿಗೆ ಚುಚ್ಚಿ, ಪ್ರವಾಹವಿಲ್ಲದೆಯೇ ಗೆಂಡೆಗಳು ಮೊಟ್ಟೆಯಿಡುವಂತೆ ಮಾಡಿದರು. ಹೊಳೆಯ ಸಂಕೇತವನ್ನು ಸೂಜಿಯ ಮೊನೆಯಿಂದ ಕೊಟ್ಟಂತಾಯಿತು.

ಬಿತ್ತಿದ ಬೆಳೆಯನ್ನು ಕಾಯುವ ಪರಿ ಬೇರೆ. ಜೋಳ ಬಿತ್ತಿದವನು ತೆನೆ ಹಾಲುಗಟ್ಟುವಾಗಲೇ ಕೊಯ್ಯುವುದಿಲ್ಲ. ಜಲಾಶಯದಲ್ಲಿ ಮರಿಯನ್ನು ಕಾಯುವುದು ಬಲೆಯ ಕಣ್ಣು. ಕಿವಿರು ಬಲೆ ನೀರಿನಲ್ಲಿ ಪರದೆಯಂತೆ ನಿಲ್ಲುತ್ತದೆ. ಮೀನಿನ ತಲೆ ಕಣ್ಣಿನಲ್ಲಿ ತೂರಿ, ಹೊಟ್ಟೆ ತೂರದೆ, ಹಿಂದೆ ಸರಿಯಹೋದಾಗ ಕಿವಿರಿನ ಮುಚ್ಚಳಕ್ಕೆ ನೂಲು ಸಿಕ್ಕಿಕೊಳ್ಳುತ್ತದೆ. ಕಣ್ಣನ್ನು ಎಳೆದು ಹಿಡಿದು ಗಂಟಿನಿಂದ ಗಂಟಿಗೆ ಅಳೆಯುವುದು ರೂಢಿ. ಹಾಗೆ ಅಳೆದಾಗ 10 ಸೆಂಟಿಮೀಟರು ಬಂದರೆ ಕಣ್ಣಿನ ಸುತ್ತಳತೆ 20 ಸೆಂಟಿಮೀಟರು. ಮೀನಿನ ದಪ್ಪನೆಯ ಭಾಗದ ಸುತ್ತಳತೆ ಅದರ ಉದ್ದದ ಐದರಲ್ಲಿ ಮೂರು ಪಾಲು ಎಂದಿಟ್ಟುಕೊಂಡರೆ, ಸುಮಾರು 33 ಸೆಂಟಿಮೀಟರಿಗಿಂತ ಚಿಕ್ಕ ಮೀನೆಲ್ಲ ಈ ಬಲೆಯಲ್ಲಿ ತೂರಿ ಹೋಗುತ್ತದೆ. ಕಣ್ಣು 5 ಸೆಂಟಿಮೀಟರಾದರೆ 17 ಸೆಂಟಿಮೀಟರಿನ ಮರಿಯೂ ಸಿಕ್ಕಿಬೀಳುತ್ತದೆ. ಕಣ್ಣು ಎರಡರಷ್ಟಾದರೆ ಸಿಕ್ಕುವ ಮೀನಿನ ಉದ್ದವೂ ಎರಡರಷ್ಟು. ತೂಕ ಮಾತ್ರ ಎರಡರಷ್ಟಲ್ಲ, ಎಂಟರಷ್ಟು. ಏಕೆಂದರೆ ಉದ್ದದ ಜೊತೆಗೆ ಅಗಲವೂ ದಪ್ಪವೂ ಇಮ್ಮಡಿಯಾಗಿರುತ್ತವೆ.

ಆದರೆ ಕಾಯುತ್ತ ಕುಳಿತರೆ ಮೀನು ಸಾಯುವುದಿಲ್ಲವೆ? ಸಾಯುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯೋಣ. ಕಲ್ಪಿತವಾದ ಒಂದು ಉದಾಹರಣೆ: 15 ಸೆಂಟಿಮೀಟರು ಉದ್ದದ, ತಲಾ 40 ಗ್ರಾಂ ತೂಕದ 1000 ಮರಿಗಳಿವೆ, ಪ್ರತಿವರ್ಷ ಅರ್ಧದಷ್ಟು ತಾವಾಗಿಯೇ ಸಾಯುತ್ತವೆ. ಈಗಲೇ ಎಲ್ಲವನ್ನೂ ಹಿಡಿದರೆ ಸಿಗುವುದು 40 ಕಿಲೋ. ಒಂದು ವರ್ಷ ತಡೆದರೆ 500 ಉಳಿದು, ಉದ್ದ 30 ಸೆಂಟಿಮೀಟರಾಗಿ, ತಲಾ 320 ಗ್ರಾಂನಂತೆ 160 ಕಿಲೋ. ಇನ್ನೊಂದು ವರ್ಷ ತಡೆದರೆ 250 ಉಳಿದು, 45 ಸೆಂಟಿಮೀಟರಾಗಿ, 270 ಕಿಲೋ. ಮತ್ತೂ ಒಂದು ವರ್ಷಕ್ಕೆ ಉಳಿಯುವುದು 125. ಬೆಳವಣಿಗೆ ನಿಧಾನವಾಗಿ ಉದ್ದ 54 ಸೆಂಟಿಮೀಟರಿಗೆ ಬಂದರೆ ಒಟ್ಟು ತೂಕ ಸುಮಾರು 233 ಕಿಲೋ. ಎರಡು ವರ್ಷ ಕಾದವನಿಗೆ ಅರ್ಧಕ್ಕರ್ಧ ಸತ್ತ ಮೇಲೆಯೂ ಆರು ಪಾಲಿಗೂ ಮಿಕ್ಕ ಲಾಭ. ಮೂರು ವರ್ಷ ಕಾದವನಿಗೆ ನಷ್ಟ. 1957ರಲ್ಲಿ ಬೆವರ್ಟನ್ ಮತ್ತು ಹೋಲ್ಟ್ ಎಂಬ ಇಬ್ಬರು ಆಂಗ್ಲ ವಿಜ್ಞಾನಿಗಳು ಉತ್ತರ ಸಮುದ್ರದ ಮೀನುಗಳ ಮೇಲೆ ಬರೆದ ದೊಡ್ಡ ಗ್ರಂಥದ ತಿರುಳು, ಗಣಿತದ ತೊಡಕನ್ನು ತೆಗೆದರೆ, ಇದೇ ಬಗೆಯ ಲೆಕ್ಕ. ಅದಕ್ಕೆ ಪ್ರಯೋಗದ ಸಾಕ್ಷಿಯನ್ನು ಒದಗಿಸಿದ್ದು ಯುದ್ಧ! ಎರಡು ಮಹಾಯುದ್ಧಗಳ ಕಾಲದಲ್ಲಿಯೂ ಆ ಸಮುದ್ರದಲ್ಲಿ ಮೀನುಗಾರಿಕೆ ಬಹುಮಟ್ಟಿಗೆ ನಿಂತುಹೋಗಿ, ಶಾಂತಿ ಬಂದ ಮೇಲೆ ದೋಣಿಗಳಿಗೆ ಮೊದಲಿಗಿಂತ ದೊಡ್ಡ ಮೀನುಗಳು ಹೇರಳವಾಗಿ ಸಿಕ್ಕಿದವು.

ಕಣ್ಣಿನ ಕಟ್ಟಳೆಗೂ ಮಿತಿಯುಂಟು. ಜಲಾಶಯಗಳಲ್ಲಿ ಎಷ್ಟು ವರ್ಷ ಬಿಟ್ಟರೂ ಗೇಣುದ್ದ ಮೀರದ ಸಣ್ಣ ಜಾತಿಯ ಮೀನುಗಳಿವೆ. ಅವನ್ನು ದೊಡ್ಡ ಕಣ್ಣಿನ ಬಲೆ ಹಿಡಿಯದು. ತುಂಗಭದ್ರಾ ಜಲಾಶಯದಲ್ಲಿ ಹೆಸರಾದ ಅಲಿವಿ ಎಂಬ ಭಾರಿ ಎಳೆಬಲೆಗಳು ಈ ಸಣ್ಣ ಮೀನುಗಳ ಹೆಸರಿನಲ್ಲಿಯೇ ನೀರಿಗಿಳಿದು, ಅವುಗಳ ಜೊತೆಗೆ ಬಿತ್ತನೆಯ ಮರಿಗಳನ್ನೂ ಬಾಚಿ ದಡಕ್ಕೆ ತರುತ್ತವೆ. ಇನ್ನು ನಮ್ಮ ಜನ ಜಿಲೇಬಿ ಎಂದು ಕರೆಯುವ ತಿಲಾಪಿಯಾ: 1952ರಲ್ಲಿ ಭಾರತಕ್ಕೆ ತಂದ ಈ ಆಫ್ರಿಕದ ಮೀನು ಮೊಟ್ಟೆಗಳನ್ನು ಬಾಯಿಯಲ್ಲಿಟ್ಟುಕೊಂಡು ಕಾಪಾಡುತ್ತದೆ, ವರ್ಷದಲ್ಲಿ ಹಲವು ಸಲ ಮರಿಮಾಡುತ್ತದೆ, ಪ್ರವಾಹಕ್ಕೆ ಕಾಯುವುದೇ ಇಲ್ಲ. ಅದಕ್ಕೆ ಯಾವ ಕಟ್ಟಳೆಯ ಆಶ್ರಯವೂ ಬೇಡ. ಅದನ್ನು ಹಿಡಿದಷ್ಟೂ ಒಳ್ಳೆಯದೆಂದೇ ನಮ್ಮ ಅಭಿಪ್ರಾಯ.

ಅಂಬಿಗರ ಪ್ರಶ್ನೆಯಲ್ಲಿ ಇನ್ನೊಂದು ಅರ್ಧ ಉಳಿದಿದೆ. ಬಿಡುವಿನ ದಿನಗಳಲ್ಲಿ ಹೊಟ್ಟೆಗೇನು? 2020ರಲ್ಲಿ ಆರಂಭವಾದ ಕೇಂದ್ರದ ಮತ್ಸ್ಯಸಂಪದ ಯೋಜನೆಯಲ್ಲಿ ಇದಕ್ಕೆಂದು ಒಂದು ಏರ್ಪಾಟನ್ನು ಗೊತ್ತುಮಾಡಲಾಯಿತು. ಮೀನುಗಾರನು ತಾನು 1500 ರೂಪಾಯಿ ಉಳಿಸಿದರೆ ಸರಕಾರಗಳು 3000 ಸೇರಿಸಿ, ಮೂರು ತಿಂಗಳಿಗೆ ಹಂಚಿ ಕೊಡುವುದು. ಅವನ ಹಣವನ್ನೂ ಕೂಡಿಸಿದರೆ ದಿನಕ್ಕೆ ಐವತ್ತು ರೂಪಾಯಿಯಾಯಿತು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧವು ಯಂತ್ರದ ದೋಣಿಗಳ ಮೇಲಿದ್ದು, ಸಣ್ಣ ನಾಡದೋಣಿಯವರಿಗೆ ವಿನಾಯಿತಿಯುಂಟು. ಹೊಳೆಯ ಮೇಲಿನ ಹರಿಗೋಲಿನವನು ಆ ನಾಡದೋಣಿಯವನಿಗಿಂತಲೂ ಬಡವನು. ಐವತ್ತು ರೂಪಾಯಿಯಿಂದ ಒಂದು ಸಂಸಾರ ನಡೆಯದೆಂಬುದು ಕಾಯಿದೆ ಬರೆದವರಿಗೆ ತಿಳಿಯದ ಸಂಗತಿಯಲ್ಲ. ರಾತ್ರಿ ಕದ್ದು ಬಲೆ ಹಾಕುವವನ ಮೇಲೆ ದಂಡ ಹಾಕುವಾಗ ಇದನ್ನು ಮರೆಯಬಾರದು.

ಮಳೆಗಾಲದಲ್ಲಿ ಜಿಲ್ಲೆಯ ನೀರನ್ನೆಲ್ಲ ಹಗಲಿರುಳು ಕಾಯುವುದು ಯಾವ ಇಲಾಖೆಯಿಂದಲೂ ಆಗದ ಕೆಲಸ. ಜಲಾಶಯದಲ್ಲಿ ಅದು ಬೇಕಾಗಿಯೂ ಇಲ್ಲ; ಅಲ್ಲಿ ಬಲೆ ಮಾರುವ ಅಂಗಡಿಯಲ್ಲಿ ಕಣ್ಣನ್ನು ಅಳೆದರೆ ಅರ್ಧ ಕೆಲಸವಾದಂತೆ. ಭೀಮೆಯಲ್ಲಿ ಕಾಯಬೇಕಾದದ್ದು ಬಾಂದಾರಗಳ ಕಿಂಡಿಗಳನ್ನು, ಅದರಲ್ಲಿಯೂ ಮೊದಲ ಪ್ರವಾಹದ ಕೆಲವು ವಾರ. ಆ ಕಾವಲಿಗೆ ಆಯಾ ತೀರದ ಅಂಬಿಗರನ್ನೇ ದಿನಗೂಲಿಯ ಮೇಲೆ ನೇಮಿಸಬಹುದು. ಮೀನು ಯಾವ ಕಿಂಡಿಯಲ್ಲಿ, ರಾತ್ರಿಯ ಯಾವ ಜಾವದಲ್ಲಿ ಹತ್ತುತ್ತದೆಂಬುದು ಅವರಿಗೆ ಗೊತ್ತು.